ಚಿಶಿಮಾ ಸೀಮೆಯ 97 ಜನ

ಆಡಳಿತದ ಲೆಕ್ಕದಲ್ಲಿ ಬರೀ ಹದಿಮೂರು ವರ್ಷ ಬಾಳಿದ ಒಂದು ಸೀಮೆಯ ಕಥೆ ಹೇಳುತ್ತೇನೆ, ಕೇಳಿ. ಅದರ ಹೆಸರು ಚಿಶಿಮಾ. ಜಪಾನಿನ ಉತ್ತರದ ಅಂಚಿನಿಂದ ರಷ್ಯಾದ ಕಮ್ಚಾಟ್ಕಾದವರೆಗೆ ಕಡಲಿನಲ್ಲಿ ಸಾಲಾಗಿ ನಿಂತ ಜ್ವಾಲಾಮುಖಿ ದ್ವೀಪಗಳಿವೆಯಲ್ಲ, ಶಾಲೆಯ ಭೂಪಟದಲ್ಲಿ ಕುರಿಲ್ ದ್ವೀಪಗಳು ಎಂದು ಓದಿದ್ದೆವಲ್ಲ, ಅವೇ. ಸುಮಾರು 1,200 ಕಿಲೋಮೀಟರ್ ಉದ್ದದ ಸಾಲು. 1869ರಲ್ಲಿ ಅದರ ದಕ್ಷಿಣದ ಎರಡು ದೊಡ್ಡ ದ್ವೀಪಗಳನ್ನು ಸೇರಿಸಿ ಜಪಾನ್ ಸರ್ಕಾರ ಒಂದು ಪ್ರಾಂತ್ಯ ಮಾಡಿತು. 1875ರಲ್ಲಿ ಒಂದು ಸಹಿ ಬಿದ್ದು ಇಡೀ ಸಾಲು ಅದರೊಳಗೆ ಬಂತು. 1882ರ ಹೊತ್ತಿಗೆ ಆ ಪ್ರಾಂತ್ಯಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಸೀಮೆಯಲ್ಲಿ ಜನ ಇದ್ದರು. ಅವರ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಒಲೆಯ ಮುಂದೆ.

ನೆಮುರೋ ಎಂಬುದು ಜಪಾನಿನ ಹೊಕ್ಕೈಡೋ ದ್ವೀಪದ ಪೂರ್ವದ ಮೂಲೆಯಲ್ಲಿರುವ ಮೀನುಗಾರರ ಊರು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಬೀದಿಯ ಫಲಕಗಳ ಮೇಲೆ ಜಪಾನಿಯ ಜೊತೆಗೆ ರಷ್ಯನ್ ಲಿಪಿಯೂ ಇರುತ್ತದೆ. ಊರಿನಾಚೆ ನೊಸಪ್ಪು ಎಂಬ ಭೂಶಿರ. ಅಲ್ಲಿ ನಿಂತರೆ ಎದುರಿಗೆ ಕೈಗರಾ ಎಂಬ ಪುಟ್ಟ ದ್ವೀಪ, ಅದರ ಮೇಲೊಂದು ದೀಪಸ್ತಂಭ. ಇರುವುದು 3.7 ಕಿಲೋಮೀಟರ್ ದೂರದಲ್ಲಿ, ಆದರೆ ರಷ್ಯಾದ ವಶದಲ್ಲಿ. ಅಲ್ಲಿಂದ ಗಾಳಿಗೆ ನಡುಗುತ್ತ ವಾಪಸ್ಸು ಬಂದ ನನ್ನನ್ನು ವಸತಿಗೃಹದ ಯಜಮಾನರು ಸೀಮೆಎಣ್ಣೆ ಸ್ಟವ್‌ನ ಪಕ್ಕಕ್ಕೆ ಕರೆದು ಕೂರಿಸಿದರು. ಎಂಬತ್ತರ ಆಸುಪಾಸಿನ ಅಜ್ಜ. ಸ್ಟವ್ ಮೇಲೆ ಕೆಟಲ್ ಕುದಿಯುತ್ತಿತ್ತು, ಅದರ ಪಕ್ಕದಲ್ಲೇ ಒಣಮೀನಿನ ತುಂಡುಗಳನ್ನಿಟ್ಟು ಬಿಸಿ ಮಾಡುತ್ತಿದ್ದರು.

ಅವರು ಹುಟ್ಟಿದ್ದು ಆಚೆ ದಡದ ಕುನಾಶಿರಿ ದ್ವೀಪದಲ್ಲಿ. 1945ರಲ್ಲಿ ಸೋವಿಯತ್ ಸೈನ್ಯ ಬಂದಾಗ ಅವರಿನ್ನೂ ಮಗು. ಎರಡು ವರ್ಷ ರಷ್ಯನ್ ಮಕ್ಕಳ ಜೊತೆ ಆಡಿಕೊಂಡಿದ್ದು, ಆಮೇಲೆ ಮನೆಯವರೊಂದಿಗೆ ಹಡಗು ಹತ್ತಿ, ಸಖಾಲಿನ್‌ನ ಮಾವೊಕಾ ಬಂದರಿನ ಮೇಲೆ ಹಾಯ್ದು ಹೊಕ್ಕೈಡೋದ ಹಾಕೊದಾತೆಗೆ ಬಂದಿಳಿದರಂತೆ. ಅದನ್ನೆಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಊರು ಕಳಕೊಂಡವರು ಅಂತ ಎಲ್ಲ ಕಡೆ ಹೇಳಿಕೊಳ್ಳುತ್ತೇವೆ. ಅದು ನಿಜವೇ. ಆದರೆ ಆ ದ್ವೀಪಗಳಲ್ಲಿ ನಮಗಿಂತ ಮೊದಲು ಊರು ಕಳಕೊಂಡವರಿದ್ದರು. ಅವರನ್ನು ಎಬ್ಬಿಸಿದ್ದು ನಮ್ಮ ಸರ್ಕಾರವೇ. ಅಜ್ಜ ಹೇಳುತ್ತಿದ್ದದ್ದು ನನಗೆ ನೆನಪಿದೆ. ನೀವು ಬರೆಯುವವರಾದರೆ ಅವರದನ್ನೂ ಬರೆಯಿರಿ" ಎಂದರು.

ಅವರು ಹೇಳಿದ್ದು ಅಲ್ಲಲ್ಲಿ ಹರಿದ ಕಥೆ. ಹರಿದಲ್ಲೆಲ್ಲ ನಾನು ಓದಿ ಹೊಲಿದುಕೊಂಡೆ. ಈಗ ಮೊದಲಿಂದ ಹೇಳುತ್ತೇನೆ.

ಆ ದ್ವೀಪಗಳು ಐನು ಜನರವು. ಹೊಕ್ಕೈಡೋ, ಸಖಾಲಿನ್, ಕುರಿಲ್, ಮೂರೂ ಕಡೆ ಅವರಿದ್ದರು. ನುಡಿ ಒಂದೇ ಬೇರಿನದಾದರೂ ಬದುಕು ಒಂದೊಂದು ಕಡೆ ಒಂದೊಂದು ತರಹ. ದಕ್ಷಿಣದ ಕುನಾಶಿರಿ, ಎತೊರೊಫು ದ್ವೀಪಗಳ ಐನು ಜನ ಜಪಾನಿ ವ್ಯಾಪಾರಿಗಳ ಹಿಡಿತಕ್ಕೆ ಬಹಳ ಹಿಂದೆಯೇ ಸಿಕ್ಕಿಕೊಂಡಿದ್ದರು. ಮೀನುಗಾರಿಕೆಯ ಹಕ್ಕನ್ನು ಜಪಾನಿನ ಮತ್ಸುಮಾಯೆ ಸಂಸ್ಥಾನ ಗುತ್ತಿಗೆಗೆ ಕೊಡುತ್ತಿತ್ತು. ಗುತ್ತಿಗೆ ಹಿಡಿದ ವ್ಯಾಪಾರಿ ಊರಿನ ಗಂಡು ಹೆಣ್ಣುಗಳನ್ನೆಲ್ಲ ದುಡಿಮೆಗೆ ಎಳೆಯುತ್ತಿದ್ದ. ಹಿಂಸೆ ತಾಳಲಾರದೆ 1789ರಲ್ಲಿ ಕುನಾಶಿರಿಯ ಮತ್ತು ಎದುರು ದಡದ ಮೆನಾಶಿಯ ಐನು ಯುವಕರು ತಿರುಗಿ ಬಿದ್ದರು. 71 ಜಪಾನಿಯರು ಸತ್ತರು. ಶರಣಾದರೆ ನ್ಯಾಯ ಸಿಗುತ್ತದೆಂದು ಹಿರಿಯರು ಒಪ್ಪಿಸಿದ ಮೇಲೆ 37 ಐನು ಜನರ ತಲೆ ಕಡಿದರು. ಕಡಿದದ್ದು ನೊಕ್ಕಮಪ್ಪು ಎಂಬಲ್ಲಿ. ಅದು ನಾನು ಗಾಳಿಗೆ ನಡುಗುತ್ತ ನಿಂತಿದ್ದ ಭೂಶಿರಕ್ಕೆ ಹೆಚ್ಚು ದೂರವಿಲ್ಲ.

ಉತ್ತರದ ದ್ವೀಪಗಳ ಐನು ಜನರದು ಬೇರೆಯೇ ದಾರಿ. ಶುಮ್ಶು, ಪರಮುಶಿರ್, ರಶುವಾ, ಈ ಕಡೆಯವರು. ಶುಮ್ಶುವಿನಿಂದ ಕಮ್ಚಾಟ್ಕಾದ ತುದಿ ಹನ್ನೊಂದು ಕಿಲೋಮೀಟರ್ ಅಷ್ಟೇ. ಹದಿನೆಂಟನೆಯ ಶತಮಾನದ ಮೊದಲಲ್ಲೇ ರಷ್ಯನ್ನರು ಅಲ್ಲಿಗೆ ಬಂದು ತುಪ್ಪಳದ ಕಂದಾಯ ಹಾಕಿದ್ದರು. ಪಾದ್ರಿಗಳು ಬಂದರು. ಇನ್ನೂ ನಾಲ್ಕಾರು ತಲೆಮಾರು ಕಳೆಯುವ ಹೊತ್ತಿಗೆ ಇವರ ಹೆಸರು ಯಾಕೊವ್ ಎಂದೋ ಇನ್ನೇನೋ ಆಗಿ, ಕೊರಳಲ್ಲಿ ಶಿಲುಬೆ ಬಂದು, ಮನೆಯೊಳಗೆ ಐನು ಮಾತು, ಹೊರಗೆ ರಷ್ಯನ್ ಮಾತು ಎಂದಾಗಿತ್ತು. ಅವರು ಒಂದೇ ದ್ವೀಪದಲ್ಲಿ ಕೂತು ಬಾಳುವವರಲ್ಲ. ಬೇಟೆ ಎಲ್ಲಿ ಸಿಗುತ್ತದೋ ಅಲ್ಲಿಗೆ ದೋಣಿ ಹತ್ತಿ, ಹೆಂಡತಿ ಮಕ್ಕಳ ಸಮೇತ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದರು. ಹೋದಲ್ಲೆಲ್ಲ ಅವರ ಮನೆ ಇರುತ್ತಿತ್ತು. ನೆಲವನ್ನು ಅಗೆದು ತಗ್ಗು ಮಾಡಿ, ಮೇಲೆ ಹುಲ್ಲುಮಣ್ಣು ಹೊದಿಸಿದ ಮನೆ. ಹೊರಗೆ ಎಂಥ ಹಿಮಗಾಳಿ ಬೀಸಿದರೂ ಒಳಗೆ ಬೆಚ್ಚಗೆ. ಕಡಲಸಿಂಹ, ಸೀಲ್, ಹಕ್ಕಿಯ ಮೊಟ್ಟೆ, ಮೀನು, ಇದೇ ಊಟ. ಕಡಲ ನೀರುನಾಯಿಯ ತುಪ್ಪಳ ಮಾರಿ ಹಿಟ್ಟು, ಚಹಾ, ಮದ್ದುಗುಂಡು ತರಿಸಿಕೊಳ್ಳುತ್ತಿದ್ದರು.

ಅವರ ಉಡುಪನ್ನು ನಾನು ಹಾಕೊದಾತೆಯ ಉತ್ತರದ ಜನಾಂಗಗಳ ವಸ್ತುಸಂಗ್ರಹಾಲಯದಲ್ಲಿ ಗಾಜಿನಾಚೆ ನೋಡಿದ್ದೇನೆ. ಹಳೆಯ ಬ್ಯಾಂಕಿನ ಕಟ್ಟಡ ಅದು. ಕಡಲಹಕ್ಕಿಗಳ ಚರ್ಮವನ್ನು ಗರಿಯ ಸಮೇತ ಸುಲಿದು, ಹದ ಮಾಡಿ, ಒಂದಕ್ಕೊಂದು ಸೇರಿಸಿ ಹೊಲಿದ ನಿಲುವಂಗಿ. ಒಂದು ಅಂಗಿಗೆ ಎಷ್ಟು ಹಕ್ಕಿ ಬೇಕಾದೀತೆಂದು ಎಣಿಸಲು ಹೋಗಿ ಸೋತೆ. ಹೊಲಿಗೆ ಅಷ್ಟು ಸಣ್ಣ, ಒಂದು ಹಕ್ಕಿ ಮುಗಿದು ಇನ್ನೊಂದು ಶುರುವಾಗುವ ಜಾಗ ಕಣ್ಣಿಗೆ ಹತ್ತುವುದೇ ಇಲ್ಲ. ಮೂಳೆ ಕೊರೆಯುವ ಚಳಿಯಲ್ಲಿ, ಮಂಜು ಕವಿದ ಕಡಲಿನಲ್ಲಿ, ನೀರು ಒಳಗಿಳಿಯದಂತೆ ಮೈ ಕಾಯುವ ಅಂಗಿಯನ್ನು ಆ ಹೆಂಗಸರು ಹೊಲಿಯುತ್ತಿದ್ದರು. ಮುಂದೆ ಅಧಿಕಾರಿಗಳು ಇವರನ್ನು ಏನೂ ಬಾರದ ಬಡಪಾಯಿಗಳೆಂದು ಕಡತದಲ್ಲಿ ಬರೆದದ್ದನ್ನು ಓದುವಾಗ ನನಗೆ ಆ ಹೊಲಿಗೆಯೇ ಕಣ್ಣಮುಂದೆ ಬರುತ್ತದೆ.

ಇನ್ನು ಪ್ರಾಂತ್ಯದ ಮಾತು. ಜಪಾನಿನಲ್ಲಿ ದೇಶವನ್ನು ಪ್ರಾಂತ್ಯಗಳಾಗಿ ಹಂಚಿದ್ದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಪದ್ಧತಿ. ಉತ್ತರದ ಎಜೊ ನಾಡು, ಅಂದರೆ ಈಗಿನ ಹೊಕ್ಕೈಡೋ, ಆ ಲೆಕ್ಕದೊಳಗೆ ಬಂದೇ ಇರಲಿಲ್ಲ. 1868ರಲ್ಲಿ ಶೋಗನ್‌ರ ಆಳ್ವಿಕೆ ಮುಗಿದು ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದಾಗ, ರಷ್ಯಾ ಮೇಲಿಂದ ಒತ್ತಿಕೊಂಡು ಬರುವ ಮೊದಲು ಈ ನಾಡನ್ನು ತನ್ನದೆಂದು ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳುವ ಅವಸರ ಅದಕ್ಕಿತ್ತು. ಕೈತಾಕುಶಿ ಎಂಬ ವಸಾಹತು ಇಲಾಖೆ ಹುಟ್ಟಿತು. 1869ರಲ್ಲಿ ಎಜೊ ನಾಡಿಗೆ ಹೊಕ್ಕೈಡೋ ಎಂದು ಹೆಸರಿಟ್ಟು, 11 ಪ್ರಾಂತ್ಯ, 86 ಜಿಲ್ಲೆಗಳೆಂದು ಹಂಚಿದರು. ಹನ್ನೊಂದರಲ್ಲಿ ಕಡೆಯದು ಚಿಶಿಮಾ. ಅದಕ್ಕೆ ಸೇರಿದ್ದು ಕುನಾಶಿರಿ ದ್ವೀಪ, ಎತೊರೊಫು ದ್ವೀಪ ಎರಡೇ. ಜಿಲ್ಲೆಗಳು ಐದು: ಕುನಾಶಿರಿ, ಎತೊರೊಫು, ಫುರೆಬೆತ್ಸು, ಶಾನಾ, ಶಿಬೆತೊರೊ. 1872ರ ಜನಗಣತಿಯಲ್ಲಿ ಇಡೀ ಪ್ರಾಂತ್ಯದಲ್ಲಿ ಸಿಕ್ಕಿದ್ದು 437 ಜನ. ಜಪಾನಿನ ಇತಿಹಾಸದಲ್ಲಿ ಹೊಸದಾಗಿ ಹುಟ್ಟಿದ ಕೊನೆಯ ಪ್ರಾಂತ್ಯಗಳು ಇವು. ಎರಡೇ ವರ್ಷಕ್ಕೆ, 1871ರಲ್ಲಿ, ಸಂಸ್ಥಾನಗಳನ್ನೆಲ್ಲ ರದ್ದು ಮಾಡಿ ಪ್ರಿಫೆಕ್ಚರ್ ಎಂಬ ಹೊಸ ಆಡಳಿತ ವಿಭಾಗಗಳನ್ನು ತಂದರು. ಪ್ರಾಂತ್ಯವೆಂಬ ಪದ್ಧತಿಯೇ ಮೂಲೆ ಸೇರುತ್ತಿದ್ದ ಕಾಲದಲ್ಲಿ ಹುಟ್ಟಿದ ಕೂಸು ಚಿಶಿಮಾ.

ಈ ಹೆಸರುಗಳನ್ನು, ಗಡಿಗಳನ್ನು ಬರೆದುಕೊಟ್ಟವರು ಮತ್ಸುಊರಾ ತಾಕೆಶಿರೊ. ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ತಾಕೆಶಿರೊ ಹುಟ್ಟಿದ್ದು 1818ರಲ್ಲಿ, ಇಸೆ ಸೀಮೆಯಲ್ಲಿ. ಇಸೆಯ ಮಹಾಕ್ಷೇತ್ರಕ್ಕೆ ಹೋಗುವ ಯಾತ್ರಿಕರ ದಾರಿ ಅವರ ಮನೆಯ ಮುಂದೆಯೇ. 1830ರಲ್ಲಿ ಲಕ್ಷಗಟ್ಟಲೆ ಜನ ಒಮ್ಮೆಲೇ ಯಾತ್ರೆಗೆ ಹೊರಟಾಗ ಈ ಹುಡುಗ ಬಾಗಿಲಲ್ಲಿ ನಿಂತು ನೋಡಿದ್ದ. ಹದಿನಾರಕ್ಕೆ ಮನೆ ಬಿಟ್ಟು ಓಡಿದ. ಆಮೇಲೆ ಜೀವಮಾನವಿಡೀ ಕಾಲಿಗೆ ಬಿಡುವಿಲ್ಲ. 1845ರಿಂದ 1858ರ ನಡುವೆ ಆರು ಸಲ ಎಜೊ ನಾಡಿಗೆ ಹೋದರು. ಮೂರನೆಯ ಸಲ, 1849ರಲ್ಲಿ, ಕುನಾಶಿರಿ, ಎತೊರೊಫುಗಳಿಗೂ ಹೋಗಿ ಬಂದರು. ಐನು ಜನರೇ ದಾರಿ ತೋರಿಸಿದರು, ಹೊಳೆ ದಾಟಿಸಿದರು, ತಮ್ಮ ಒಲೆಯ ಪಕ್ಕದಲ್ಲಿ ಮಲಗಿಸಿದರು. ಅವರು ಪ್ರತಿ ಹೊಳೆಗೆ, ಪ್ರತಿ ಗುಡ್ಡಕ್ಕೆ ಐನು ಜನ ಏನೆನ್ನುತ್ತಾರೆಂದು ಕೇಳಿ ಕೇಳಿ ಬರೆದುಕೊಂಡರು. 1859ರಲ್ಲಿ ಅಚ್ಚಾದ ಅವರ ನಕ್ಷೆಯಲ್ಲಿ ಅಂಥ ಹೆಸರು ಸುಮಾರು 9,800 ಇವೆ.

ಹೆಸರುಗಳ ಜೊತೆಗೆ ಬೇರೆಯದನ್ನೂ ಬರೆದರು. ಗುತ್ತಿಗೆದಾರರ ಮೀನುಗಾರಿಕೆಯಲ್ಲಿ ಐನು ಗಂಡಸರನ್ನು ದೂರದ ಕಡಲಿಗೆ ಅಟ್ಟುವುದು, ಊರಲ್ಲಿ ಉಳಿದ ಹೆಂಗಸರನ್ನು ಕೆಡಿಸುವುದು, ಮುದುಕರು ಹಸಿದು ಸಾಯುವುದು, ಊರೂರಿನಲ್ಲಿ ಜನಸಂಖ್ಯೆ ಕುಗ್ಗುತ್ತಿರುವುದು, ಎಲ್ಲವನ್ನೂ ಹೆಸರು ಹಿಡಿದು ಬರೆದರು. ಐನು ವ್ಯಕ್ತಿಗಳ ಬಗ್ಗೆ ಅವರು ಬರೆದ ಪುಸ್ತಕ ಅವರ ಜೀವಿತದಲ್ಲಿ ಅಚ್ಚಾಗಲಿಲ್ಲ. ಅಪ್ಪಣೆಯೇ ಸಿಗಲಿಲ್ಲ.

ಇಂಥವರನ್ನು ಹೊಸ ಸರ್ಕಾರ ಕರೆದು ಕೈತಾಕುಶಿಯ ದೊಡ್ಡ ಅಧಿಕಾರಿ ಮಾಡಿತು. ಹೊಕ್ಕೈಡೋ ಎಂಬ ಹೆಸರು, ಪ್ರಾಂತ್ಯಗಳ ಹೆಸರು, ಜಿಲ್ಲೆಗಳ ಹೆಸರು ಅವರ ಸಲಹೆಯಂತೆ ಬಂದವು. ಹೆಸರುಗಳನ್ನು ಸರ್ಕಾರ ಒಪ್ಪಿಕೊಂಡಿತು. ಗುತ್ತಿಗೆ ಪದ್ಧತಿ ಕಿತ್ತುಹಾಕಿ ಎಂದಾಗ ಮಾತ್ರ ವ್ಯಾಪಾರಿಗಳು ಅಡ್ಡ ನಿಂತರು, ಅಧಿಕಾರಿಗಳು ಅವರ ಬೆನ್ನಿಗೆ ನಿಂತರು. 1870ರ ವಸಂತದಲ್ಲಿ ತಾಕೆಶಿರೊ ರಾಜೀನಾಮೆ ಬಿಸಾಕಿ, ಸರ್ಕಾರ ಕೊಟ್ಟಿದ್ದ ಪದವಿಯನ್ನೂ ಹಿಂದಿರುಗಿಸಿದರು. ಚಿಶಿಮಾ ಪ್ರಾಂತ್ಯಕ್ಕೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅವರು ಮತ್ತೆಂದೂ ಹೊಕ್ಕೈಡೋ ಮಣ್ಣು ಮೆಟ್ಟಲಿಲ್ಲ. ಮುಪ್ಪಿನಲ್ಲಿ ದೇಶದ ಹಳೆಯ ಗುಡಿ ಗೋಪುರಗಳಿಂದ ಸ್ನೇಹಿತರು ಕಳಿಸಿಕೊಟ್ಟ 91 ಮರದ ತುಂಡುಗಳನ್ನು ಜೋಡಿಸಿ, ಒಂದೇ ಚಾಪೆ ಹಿಡಿಸುವಷ್ಟು ಕೋಣೆಯನ್ನು ಮನೆಗೆ ಸೇರಿಸಿ ಕಟ್ಟಿಸಿಕೊಂಡರು. ಸತ್ತಾಗ ಆ ಮರದಿಂದಲೇ ನನ್ನನ್ನು ಸುಡಿ ಎಂದಿದ್ದರು. ಮನೆಯವರಿಗೆ ಮನಸ್ಸಾಗಲಿಲ್ಲ. ಕೋಣೆ ಇವತ್ತಿಗೂ ಟೋಕಿಯೊದ ಪಶ್ಚಿಮಕ್ಕಿರುವ ಮಿತಾಕಾದಲ್ಲಿ, ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಉಳಿದಿದೆ.

ಈಗ ಆ ಸಹಿಯ ಸಂಗತಿ. 1855ರಲ್ಲಿ ಶಿಮೊದಾ ಊರಿನಲ್ಲಿ ಜಪಾನ್ ಮತ್ತು ರಷ್ಯಾ ಗಡಿ ಒಪ್ಪಿಕೊಂಡಿದ್ದವು. ಎತೊರೊಫು ಜಪಾನಿಗೆ, ಅದರ ಮೇಲಿನ ಉರುಪ್ಪುವಿನಿಂದಾಚೆ ರಷ್ಯಾಕ್ಕೆ. ಸಖಾಲಿನ್ ಮಾತ್ರ ಇಬ್ಬರಿಗೂ ಸೇರಿದ್ದೆಂದು ಹಾಗೇ ಬಿಟ್ಟಿದ್ದರು. ಅಲ್ಲಿ ದಿನ ಬೆಳಗಾದರೆ ಜಗಳ. ಅದನ್ನು ಬಗೆಹರಿಸಲು ಜಪಾನ್ ಕಳಿಸಿದ್ದು ಎನೊಮೊತೊ ತಾಕೆಆಕಿ ಎಂಬವರನ್ನು. ಐದಾರು ವರ್ಷ ಹಿಂದೆ ಇದೇ ಸರ್ಕಾರದ ವಿರುದ್ಧ ಹಾಕೊದಾತೆಯ ಕೋಟೆಯಲ್ಲಿ ಯುದ್ಧ ಮಾಡಿ, ಸೋತು, ಜೈಲು ಕಂಡು, ಕ್ಷಮೆ ಪಡೆದವರು ಅವರು. 1875ರ ಮೇ 7ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಎನೊಮೊತೊ ಮತ್ತು ರಷ್ಯಾದ ಗೊರ್ಚಕೊವ್ ಸಹಿ ಹಾಕಿದರು. ಸಖಾಲಿನ್ ಪೂರ್ತಿ ರಷ್ಯಾಕ್ಕೆ, ಬದಲಿಗೆ ಉರುಪ್ಪುವಿನಿಂದ ಶುಮ್ಶುವರೆಗಿನ 18 ದ್ವೀಪಗಳು ಜಪಾನಿಗೆ. ಮರುವರ್ಷ ಉರುಪ್ಪು, ಶಿಮುಶಿರು, ಶುಮ್ಶು ಎಂದು ಮೂರು ಹೊಸ ಜಿಲ್ಲೆ ಮಾಡಿ ಚಿಶಿಮಾ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ತುಪಾಕಿಯ ಸದ್ದಿಲ್ಲದೆ ಪ್ರಾಂತ್ಯದ ಗಡಿ ಎಂಟುನೂರು ಕಿಲೋಮೀಟರ್‌ನಷ್ಟು ಉತ್ತರಕ್ಕೆ ಜಿಗಿಯಿತು.

ಒಪ್ಪಂದದ ಜೊತೆ ಒಂದು ಪೂರಕ ಕಾಗದವಿತ್ತು. ನನ್ನ ಕಥೆಯ ವಿಷ ಇರುವುದು ಅದರಲ್ಲಿ. ದ್ವೀಪದ ಒಡೆತನ ಬದಲಾದ ಕಡೆಯ ರಷ್ಯನ್ ಪ್ರಜೆ, ಜಪಾನಿ ಪ್ರಜೆ ತನ್ನ ಪ್ರಜೆತನ ಉಳಿಸಿಕೊಂಡೇ ಅಲ್ಲಿ ಇರಬಹುದು. ಮೂಲನಿವಾಸಿಗಳಿಗೆ ಮಾತ್ರ ಆ ಅವಕಾಶವಿಲ್ಲ. ಮೂರು ವರ್ಷದೊಳಗೆ ಅವರು ತೀರ್ಮಾನಿಸಬೇಕು. ಇದ್ದ ಜಾಗದಲ್ಲೇ ಇರಬೇಕಾದರೆ ಹೊಸ ದೊರೆಯ ಪ್ರಜೆಯಾಗಬೇಕು. ಹಳೆಯ ದೊರೆ ಬೇಕಾದರೆ ಊರು ಬಿಡಬೇಕು. ತಲೆತಲಾಂತರದಿಂದ ಅಲ್ಲೇ ಇದ್ದವರಿಗೆ, ನಿನ್ನೆ ಮೊನ್ನೆ ಬಂದ ಇಬ್ಬರು ಸೇರಿ ಹಾಕಿದ ಷರತ್ತು ಇದು. ಸಖಾಲಿನ್ ಕಡೆಯಿಂದ 841 ಐನು ಜನರನ್ನು ಜಪಾನ್ ಹೊಕ್ಕೈಡೋಗೆ ಕರೆತಂದು, ಅವರಿಗೆ ಗುರುತಿಲ್ಲದ ಒಳನಾಡಿನ ಹೊಳೆಯ ಪಕ್ಕದ ತ್ಸುಇಶಿಕರಿಯಲ್ಲಿ ನೆಲೆಗೊಳಿಸಿತು. ಹತ್ತು ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಕಾಲರಾ, ಸಿಡುಬು ಬಂದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಒಂದು ದೊಡ್ಡ ಕಥೆ, ಇನ್ನೊಂದು ರಾತ್ರಿ ಹೇಳಬೇಕಾದದ್ದು.

ಕುರಿಲ್ ಸಾಲಿನ ಉತ್ತರದವರಲ್ಲಿ ಕೆಲವರು ಕಮ್ಚಾಟ್ಕಾಕ್ಕೆ ಹೋದರು. ಉಳಿದವರು ಉಳಿದರು. ಅವರ ಸಮಾಧಿಗಳು ಅಲ್ಲಿದ್ದವು, ಬೇಟೆಯ ಜಾಗಗಳು ಅಲ್ಲಿದ್ದವು. ದೊರೆ ಯಾರಾದರೇನು ಎಂದುಕೊಂಡಿರಬೇಕು. ಜಪಾನ್ ಸರ್ಕಾರ ಆಗಾಗ ಹಡಗು ಕಳಿಸಿ ಅಕ್ಕಿ, ಬಟ್ಟೆ ಕೊಟ್ಟು ತುಪ್ಪಳ ಒಯ್ಯುತ್ತಿತ್ತು. ಆದರೆ ಆ ದೂರ, ಆ ಮಂಜು, ಆ ಖರ್ಚು ಅಧಿಕಾರಿಗಳಿಗೆ ಬೇಸರ ತಂದವು. ಇನ್ನೊಂದು ಕಡೆ ಇಂಗ್ಲಿಷ್ ಮತ್ತು ಅಮೆರಿಕನ್ ಬೇಟೆಗಾರರು ಸ್ಕೂನರ್‌ಗಳಲ್ಲಿ ಬಂದು ಕಡಲ ನೀರುನಾಯಿಗಳನ್ನು ಬರಿದು ಮಾಡುತ್ತಿದ್ದರು. ಅವರಲ್ಲೊಬ್ಬ ಹೆನ್ರಿ ಸ್ನೋ ತನ್ನ ಆ ಬೇಟೆಯ ವರ್ಷಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಅಧಿಕಾರಿಗಳನ್ನು ಕಾಡಿದ್ದು ಅನುಮಾನ. ಗಡಿಯಲ್ಲಿ ಕೂತ ಈ ಜನ ರಷ್ಯನ್ ಮಾತಾಡುತ್ತಾರೆ, ರಷ್ಯನ್ ದೇವರಿಗೆ ಕೈ ಮುಗಿಯುತ್ತಾರೆ, ರಷ್ಯನ್ ಹೆಸರಿಟ್ಟುಕೊಂಡಿದ್ದಾರೆ. ಇವರನ್ನು ಹೇಗೆ ನಂಬುವುದು?

ಈ ನಡುವೆ 1882ರಲ್ಲಿ ಕೈತಾಕುಶಿ ಇಲಾಖೆ ಮುಚ್ಚಿತು. ಹೊಕ್ಕೈಡೋವನ್ನು ಹಾಕೊದಾತೆ, ಸಪ್ಪೊರೊ, ನೆಮುರೋ ಎಂಬ ಮೂರು ಪ್ರಿಫೆಕ್ಚರ್ ಮಾಡಿದರು. ಚಿಶಿಮಾ ನೆಮುರೋದ ಕೈಕೆಳಗೆ ಬಂತು. ಪ್ರಾಂತ್ಯದ ಹೆಸರು ಕಡತದಲ್ಲಿ, ವಿಳಾಸದಲ್ಲಿ ಉಳಿಯಿತು, ಅಧಿಕಾರ ಹೋಯಿತು.

1884ರ ಜುಲೈ ತಿಂಗಳು. ನೆಮುರೋದ ಗವರ್ನರ್ ಯುಚಿ ಸದಾಮೊತೊ ತಾವೇ ಹಡಗು ಹತ್ತಿ ಶುಮ್ಶುವಿಗೆ ಹೋದರು. ಜುಲೈ ಎಂದರೆ ಆ ಕಡಲಿನಲ್ಲಿ ಮಂಜಿನ ಕಾಲ. ದ್ವೀಪದವರಿಗೆ ಅದು ಬೇಟೆಯ, ಚಳಿಗಾಲಕ್ಕೆ ಆಹಾರ ಕೂಡಿಡುವ ಕಾಲ. ನಿಮ್ಮನ್ನೆಲ್ಲ ದಕ್ಷಿಣಕ್ಕೆ, ಹೆಚ್ಚು ಸುಖವಾದ ಜಾಗಕ್ಕೆ ಒಯ್ಯುತ್ತೇವೆ ಎಂದು ತಿಳಿಸಿದರು. ಹಿರಿಯರು ಒಪ್ಪಲಿಲ್ಲ. ಒಪ್ಪಿಸಿದರು. ಆ ಮಾತುಕತೆ ಎಷ್ಟು ಹೊತ್ತು ನಡೆಯಿತೋ, ಯಾವ ಭಾಷೆಯಲ್ಲಿ ಯಾರು ಯಾರಿಗೆ ಏನು ವಿವರಿಸಿದರೋ, ನನ್ನ ಮನಸ್ಸು ಅಲ್ಲಿಗೆ ಹೋಗಿ ಹೋಗಿ ನಿಲ್ಲುತ್ತದೆ. ಕೊನೆಗೆ ಗಂಡಸರು, ಹೆಂಗಸರು, ಮಕ್ಕಳು ಸೇರಿ 97 ಜನ ಹಡಗು ಹತ್ತಿದರು. ತಿರುಗಿ ಬರುವ ಆಸೆ ಇರಬಾರದೆಂದು ಅವರ ಮನೆಗಳಿಗೆ ಬೆಂಕಿ ಇಟ್ಟರು.

"ಹಡಗಿನ ಮೇಲಿಂದ ಹೊಗೆ ಕಾಣುತ್ತಿತ್ತಂತೆ" ಎಂದು ನೆಮುರೋದ ಅಜ್ಜ ಹೇಳಿದ್ದರು. ಅವರ ಅಜ್ಜನಿಗೆ ಅದನ್ನು ಹೇಳಿದವರು ಯಾರೋ. ನಾನು ಕೇಳಿದ್ದನ್ನು ಕೇಳಿದ ಹಾಗೇ ನಿಮಗೆ ಹೇಳುತ್ತಿದ್ದೇನೆ.

ಒಯ್ದದ್ದು ಶಿಕೊತಾನ್ ದ್ವೀಪಕ್ಕೆ. ಹೊಕ್ಕೈಡೋದ ಪಕ್ಕದ ಸಣ್ಣ ದ್ವೀಪ. ಶುಮ್ಶುವಿನಿಂದ ಸಾವಿರ ಕಿಲೋಮೀಟರಿಗೂ ದೂರ. ಜುಲೈ 11ರಂದು ಇಳಿಸಿದರು. ಗುಡ್ಡ, ಮರ, ಚೆಂದದ ಕೊಲ್ಲಿ, ನೋಡುವವರ ಕಣ್ಣಿಗೆ ಒಳ್ಳೆಯ ಜಾಗವೇ. ಸರ್ಕಾರ ಮನೆ ಕಟ್ಟಿಕೊಟ್ಟಿತು. ಹೊಲ ತೋರಿಸಿ ತರಕಾರಿ ಬೆಳೆಯಿರಿ ಎಂದಿತು. ಸಾಕಲು ದನ ಕುರಿ ಕೊಟ್ಟಿತು. ಅಧಿಕಾರಿಗಳು ಇದನ್ನೆಲ್ಲ ಉಪಕಾರವೆಂದೇ ನಂಬಿದ್ದರು ಎಂದು ನನಗನಿಸುತ್ತದೆ, ಅದೇ ಹೆಚ್ಚು ನೋವಿನ ಸಂಗತಿ. ಕಡಲಸಿಂಹದ ಮಾಂಸ ಮತ್ತು ಕೊಬ್ಬು ತಿಂದು ಬೆಳೆದ ಮೈಗೆ ಅಕ್ಕಿ, ಗೆಡ್ಡೆ ಒಗ್ಗಲಿಲ್ಲ. ಅಲ್ಲಿ ಅವರ ಬೇಟೆಯ ಪ್ರಾಣಿಗಳು ಮೊದಲಿನಂತೆ ಸಿಗಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಬಾಳುವುದು ಅವರ ಬದುಕಿನ ಕ್ರಮವಾಗಿತ್ತು, ಅದು ಒಂದೇ ಏಟಿಗೆ ನಿಂತುಹೋಯಿತು. ಮೊದಲ ಚಳಿಗಾಲದಿಂದಲೇ ಸಾವು ಶುರುವಾಯಿತು. ಐದು ವರ್ಷದೊಳಗೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಮಣ್ಣಾದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಶಿಕೊತಾನ್ ಅಲ್ಲಿಯವರೆಗೆ ಚಿಶಿಮಾ ಪ್ರಾಂತ್ಯಕ್ಕೆ ಸೇರಿರಲೇ ಇಲ್ಲ. ನೆಮುರೋ ಪ್ರಾಂತ್ಯದ ಹನಸಾಕಿ ಜಿಲ್ಲೆಯ ಭಾಗ ಅದು. 1885ರಲ್ಲಿ, ಜನರನ್ನು ತಂದಿಳಿಸಿದ ಮರುವರ್ಷ, ಆ ದ್ವೀಪವನ್ನು ಬೇರೆ ಮಾಡಿ, ಶಿಕೊತಾನ್ ಎಂಬ ಜಿಲ್ಲೆಯಾಗಿಸಿ, ಚಿಶಿಮಾ ಪ್ರಾಂತ್ಯಕ್ಕೆ ಸೇರಿಸಿದರು. ಮೊದಲು ಚಿಶಿಮಾದ ಜನರನ್ನು ಚಿಶಿಮಾದಿಂದ ಹೊರಗೆ ಒಯ್ದರು. ಆಮೇಲೆ ಅವರು ಕೂತ ನೆಲಕ್ಕೇ ಚಿಶಿಮಾ ಎಂದು ಹೆಸರು ಕೊಟ್ಟರು. ಕಡತದಲ್ಲಿ ನೋಡಿದರೆ ಅವರು ತಮ್ಮ ಸೀಮೆಯಲ್ಲೇ ಇದ್ದಾರೆ. ಮುದುಕರು ಸಾಯುತ್ತಿದ್ದ ಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಅವರ ಕಡಲು ಎಲ್ಲೂ ಕಾಣುವುದಿಲ್ಲ. 1886ರಲ್ಲಿ ಮೂರು ಪ್ರಿಫೆಕ್ಚರ್‌ಗಳೂ ಹೋಗಿ ಹೊಕ್ಕೈಡೋಗೆಲ್ಲ ಒಂದೇ ಆಡಳಿತ ಬಂತು. ಅಲ್ಲಿಗೆ ಪ್ರಾಂತ್ಯದ ಮಾತು ಇನ್ನೂ ಹಿಂದೆ ಸರಿಯಿತು.

ಖಾಲಿಯಾದ ಉತ್ತರದ ದ್ವೀಪಗಳು ಖಾಲಿಯಿದ್ದರೆ ಅಪಾಯ ಎಂದು ಜಪಾನಿಗೆ ಬೇಗನೆ ಅರಿವಾಯಿತು. 1893ರ ಮಾರ್ಚ್‌ನಲ್ಲಿ ನೌಕಾದಳದ ಗುಂಜಿ ಶಿಗೆತದಾ ಎಂಬ ಅಧಿಕಾರಿ, ಕಾದಂಬರಿಕಾರ ಕೋದಾ ರೊಹಾನ್ ಅವರ ಅಣ್ಣ, ಸ್ವಯಂಸೇವಕರನ್ನು ಕಟ್ಟಿಕೊಂಡು ಟೋಕಿಯೊದ ಸುಮಿದಾ ನದಿಯಿಂದ ಹುಟ್ಟು ಹಾಕುವ ದೋಣಿಗಳಲ್ಲಿ ಹೊರಟರು, ಶುಮ್ಶುವಿನಲ್ಲಿ ನೆಲೆಯೂರಲು. ದಡದಲ್ಲಿ ಜನಜಾತ್ರೆ, ಜೈಕಾರ. ದಾರಿಯಲ್ಲೇ ಬಿರುಗಾಳಿಗೆ ಸಿಕ್ಕು 19 ಜನ ಮುಳುಗಿದರು. ಶಸುಕೊತಾನ್ ದ್ವೀಪದಲ್ಲಿ ಇಳಿಸಿದ್ದ ಒಂಬತ್ತು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಶುಮ್ಶುವಿನಲ್ಲಿ ಚಳಿಗಾಲ ಕಳೆದವರಲ್ಲೂ ಸಾವಾಯಿತು. ಮುಂದೆ ಅಂಟಾರ್ಕ್ಟಿಕಾಕ್ಕೆ ಹೋಗಿ ಹೆಸರಾದ ಶಿರಾಸೆ ನೊಬು ಆ ಗುಂಪಿನಲ್ಲಿ ಬದುಕಿ ಬಂದವರು. ಧೈರ್ಯವಂತರೇ ಎಲ್ಲರೂ, ಅವರ ಸಾವಿಗೂ ನಾನು ಮರುಗುತ್ತೇನೆ. ಆದರೆ ಅಲ್ಲಿ ಚಳಿಗಾಲ ಹೇಗೆ ಕಳೆಯಬೇಕು, ಯಾವ ಮನೆ ಕಟ್ಟಬೇಕು, ಏನು ತಿಂದರೆ ಹಲ್ಲಿನ ಸಂದಿಯಿಂದ ರಕ್ತ ಬರುವ ಆ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದು ಬಲ್ಲವರೇ ಇದ್ದರಲ್ಲ. ಅವರನ್ನು ಒಂಬತ್ತು ವರ್ಷದ ಹಿಂದೆ ಮನೆ ಸುಟ್ಟು ಎಬ್ಬಿಸಿದ್ದರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ಎಲ್ಲರೂ ಬಲ್ಲ ಇತಿಹಾಸ ಅದು. ಎತೊರೊಫುವಿನ ಹಿತೊಕಪ್ಪು ಕೊಲ್ಲಿಯಿಂದಲೇ 1941ರ ನವೆಂಬರ್ 26ರಂದು ಪರ್ಲ್ ಹಾರ್ಬರ್ ಕಡೆಗೆ ನೌಕಾಪಡೆ ಹೊರಟಿತು. 1945ರ ಆಗಸ್ಟ್ 18ರಂದು, ಜಪಾನ್ ಶರಣಾದ ಮೇಲೆ, ಸೋವಿಯತ್ ಸೈನ್ಯ ಶುಮ್ಶುವಿನಲ್ಲಿ ಇಳಿಯಿತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಶಿಕೊತಾನ್, ಹಬೊಮಾಯಿ ದ್ವೀಪಗಳ ಸಹಿತ ಎಲ್ಲವೂ ಅವರ ವಶ. ದಕ್ಷಿಣದ ದ್ವೀಪಗಳಲ್ಲಿದ್ದ ಸುಮಾರು 17,000 ಜಪಾನಿಯರಲ್ಲಿ ಅರ್ಧದಷ್ಟು ಜನ ರಾತ್ರೋರಾತ್ರಿ ದೋಣಿ ಹತ್ತಿ ತಪ್ಪಿಸಿಕೊಂಡರು, ಉಳಿದವರನ್ನು 1948ರ ಹೊತ್ತಿಗೆ ಹೊರಗೆ ಕಳಿಸಿದರು. ಶಿಕೊತಾನ್‌ನಲ್ಲಿ ಅಳಿದುಳಿದ ಐನು ಮನೆತನದವರೂ ಅವರ ಜೊತೆಗೇ ಹೊಕ್ಕೈಡೋ ಸೇರಿ ಚದುರಿಹೋದರು. ಎರಡು ದೇಶಗಳ ನಡುವೆ ಆ ದ್ವೀಪಗಳ ತಕರಾರು ಇವತ್ತಿಗೂ ಮುಗಿದಿಲ್ಲ. ನೊಸಪ್ಪುವಿನಲ್ಲಿ ದೊಡ್ಡ ಕಮಾನು ಕಟ್ಟಿದ್ದಾರೆ. ಅದರ ಕೆಳಗೆ ದ್ವೀಪಗಳು ಮರಳಿ ಬರಲೆಂದು ಹೊತ್ತಿಸಿಟ್ಟ ಬೆಂಕಿಯಿದೆ. ಅದರ ಎದುರು ನಿಂತಾಗ ಅಜ್ಜನ ಮಾತು ನನಗಿನ್ನೂ ಗೊತ್ತಿರಲಿಲ್ಲ. ಈಗ ಅಲ್ಲಿಗೆ ಹೋದರೆ 97 ಜನರನ್ನು ನೆನೆಯದೆ ಬರಲಾರೆ. ಇದು ನಿಮ್ಮದೋ ನಮ್ಮದೋ ಎಂದು ವಾದಿಸುವ ಎರಡೂ ಕಡೆಯವರು ಒಪ್ಪಂದಗಳ ತಾರೀಖು ಹೇಳುತ್ತಾರೆ. ಆ ಒಪ್ಪಂದಗಳ ಯಾವ ಮೇಜಿನ ಮುಂದೂ ಆ ಹಕ್ಕಿಚರ್ಮದ ಅಂಗಿ ತೊಟ್ಟವರಿಗೆ ಕುರ್ಚಿ ಹಾಕಿರಲಿಲ್ಲ.

ಶಿಕೊತಾನ್‌ನ ಐನು ಜನರ ಬಗ್ಗೆ ನಮಗೆ ಇಷ್ಟಾದರೂ ಗೊತ್ತಿರುವುದು ಕೆಲವರು ಹೋಗಿ ಕೇಳಿ ಬರೆದುಕೊಂಡದ್ದರಿಂದ. ಕಮ್ಚಾಟ್ಕಾದಲ್ಲಿ ವೈದ್ಯರಾಗಿದ್ದ ಪೋಲೆಂಡಿನ ಬೆನೆಡಿಕ್ಟ್ ದಿಬೊವ್ಸ್ಕಿ 1880ರ ಆಚೀಚೆ ಶುಮ್ಶುವಿನವರ ಮಾತುಗಳನ್ನು ಪಟ್ಟಿ ಮಾಡಿಟ್ಟಿದ್ದರು. 1899ರಲ್ಲಿ ತೊರಿಇ ರ್‍ಯೂಜೊ ಎಂಬ ತರುಣ ಮಾನವಶಾಸ್ತ್ರಜ್ಞ ಶಿಕೊತಾನ್‌ಗೆ ಬಂದರು. ಆಗ ಅಲ್ಲಿ ಉಳಿದಿದ್ದವರು ಅರವತ್ತರ ಆಸುಪಾಸು. ಸರ್ಕಾರ ಕಟ್ಟಿಸಿಕೊಟ್ಟ ಮನೆಗಳ ಜೊತೆಗೆ ಅವರು ತಮ್ಮ ಹಳೆಯ ಕ್ರಮದ ನೆಲದೊಳಗಿನ ಮನೆಯನ್ನೂ ಕಟ್ಟಿಕೊಂಡು ಬಾಳುತ್ತಿದ್ದುದನ್ನು ತೊರಿಇ ಬರೆದಿದ್ದಾರೆ. ಆರ್ಥೊಡಾಕ್ಸ್ ಪೂಜೆಯನ್ನೂ ಅವರು ಬಿಟ್ಟಿರಲಿಲ್ಲ. ತೊರಿಇ ಆ ಐನು ಜನರಲ್ಲಿ ಕೆಲವರನ್ನು ಜೊತೆಗೆ ಕರೆದುಕೊಂಡು 'ಮುಸಾಶಿ' ಎಂಬ ಯುದ್ಧನೌಕೆಯಲ್ಲಿ ಉತ್ತರದ ದ್ವೀಪಗಳಿಗೆ ಹೋದರು. ಹುಲ್ಲು ಬೆಳೆದು ಮುಚ್ಚಿದ್ದ ಹಳೆಯ ಮನೆಗಳ ಗುಂಡಿಗಳನ್ನು ಹುಡುಕಲು ಅವರೇ ದಾರಿ ತೋರಿಸಿದರು. ಆ ಗುಂಡಿಗಳನ್ನು ತೋಡಿದವರು ನಮ್ಮ ಹಿರಿಯರೇ ಎಂದು ಅವರು ಹೇಳಿದ್ದರ ಮೇಲೆಯೇ, ಈ ದ್ವೀಪಗಳ ಹಳೆಯ ನೆಲಮನೆಗಳು ಬೇರೆ ಯಾವುದೋ ಅಳಿದ ಜನಾಂಗದ್ದೆಂಬ ಆ ಕಾಲದ ವಿದ್ವಾಂಸರ ವಾದವನ್ನು ತೊರಿಇ ತಳ್ಳಿಹಾಕಿದರು. ಅವರ ದೊಡ್ಡ ಗ್ರಂಥ 1919ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂತು.

ಹಡಗು ದಕ್ಷಿಣಕ್ಕೆ ಮರಳುವಾಗ ಜೊತೆ ಹೋಗಿದ್ದ ಐನು ಜನರೂ ಶಿಕೊತಾನ್‌ಗೆ ಮರಳಬೇಕಾಯಿತು. ನಮ್ಮ ದ್ವೀಪಗಳಿಗೆ ನಮ್ಮನ್ನು ಕಳಿಸಿಕೊಡಿ ಎಂದು ಅವರು ಸರ್ಕಾರವನ್ನು ಮತ್ತೆ ಮತ್ತೆ ಬೇಡಿದ್ದರು. ಬೇಟೆಯ ಕಾಲದಲ್ಲಿ ಕೆಲವರನ್ನು ಕರೆದೊಯ್ದು ವಾಪಸ್ಸು ತಂದು ಬಿಡುವಷ್ಟಕ್ಕೆ ಸರ್ಕಾರ ಒಪ್ಪಿತು. ಅಲ್ಲೇ ಉಳಿದು ಮನೆ ಕಟ್ಟಿಕೊಳ್ಳಲು ಒಮ್ಮೆಯೂ ಬಿಡಲಿಲ್ಲ.